ಹೊಳ್ಳಿ ಬಂದ ಉಸಿರು

ಸೊಲ್ಲಾಪುರ
೬ ಜೂನ್ ೨೦೨೫

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನು ಇರುವಾಗ ಇವನಿಗೇನು ಬಂತು ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನಿನಲ್ಲಿ ನಿಮ್ಮ ಹಿಟ್ಟಿನ ಗಿರಣಿಯ ಸಪ್ಪಳಕ್ಕೆ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ. ಕೇಳಿಸಿದ ಅರ್ಧವನ್ನು ನೀನು ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಿಂದ ಶಾಲೆಯ ಮೆಟ್ಟಿಲು ಹತ್ತುವಾಗ ನನಗೆ ಉಸಿರು ಸಾಲುತ್ತಿರಲಿಲ್ಲ. ದವಾಖಾನೆಗೆ ಹೋದೆ. ಬೀಡಿ ಸಿಗರೇಟು ಸೇದುತ್ತೀರಾ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಗಿರಣಿಯಲ್ಲಿ, ಕಲ್ಲಿನ ಖಣಿಯಲ್ಲಿ ದುಡಿದಿದ್ದೀರಾ? ಅದೂ ಇಲ್ಲ, ನಾನು ಕನ್ನಡ ಶಾಲೆಯ ಮಾಸ್ತರ, ಬೋರ್ಡಿಗೆ ಬರೆಯುವ ಖಡುವಿನ ಧೂಳು ಬಿಟ್ಟರೆ ಬೇರೆ ಧೂಳು ಕಂಡವನಲ್ಲ ಎಂದೆ. ಹಾಗಾದರೆ ಮನೆಯಲ್ಲಿ ಯಾರಿಗಿತ್ತು ಎಂದು ಕೇಳಿದರು. ನಮ್ಮ ಅಪ್ಪನಿಗೆ ದಮ್ಮು ಇತ್ತು, ಶೇಂಗಾ ಮಿಲ್ಲಿನ ಧೂಳು ಮತ್ತು ಬೀಡಿ ಸೇರಿ ಅವನನ್ನು ತಿಂದವು ಎಂದೆ. ಎಷ್ಟು ವಯಸ್ಸಿಗೆ ಹೋದರು? ನಲವತ್ತಾರಕ್ಕೆ. ನನ್ನ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ ಎಂದು ಅವರ ಮುಂದಿನ ಚೀಟಿಯಲ್ಲೇ ಇತ್ತು. ಅದನ್ನು ನೋಡಿ ಕೆಳಗೆ ರಕ್ತ ಪರೀಕ್ಷೆ ಎಂದು ಬರೆದರು.

ರಕ್ತ ಪುಣೆಗೆ ಹೋಗಿ ಬಂತು. ಇದು ಹುಟ್ಟಿನಿಂದಲೇ ಬರುವ ಕೊರತೆ, ಮನೆತನದ್ದು, ನಮ್ಮ ಕಡೆ ಅಪರೂಪ ಎಂದರು. ನೀನು ಹೆದರಬೇಡ. ದಿನಾ ಬಾಯಿಗೆ ಪಂಪು ಹಿಡಿದು ಔಷಧ ಎಳೆದುಕೊಳ್ಳುತ್ತೇನೆ, ಆರಾಮಾಗಿದ್ದೇನೆ.

ಕೇಳಬೇಕಾದದ್ದು ಒಂದೇ. ನಿನ್ನ ಮಗ ಮಲ್ಲೇಶ ಹೇಗಿದ್ದಾನೆ? ಗಿರಣಿ ಹಾಕಿ ಐದಾರು ವರ್ಷವಾಯಿತಲ್ಲ. ಕೆಮ್ಮು, ದಮ್ಮು ಏನಾದರೂ ಇದೆಯೇ? ಮುಚ್ಚಿಡದೆ ಬರೆ.

ನಿನ್ನ ತಮ್ಮ
ಸಿದ್ದಾರೂಢ


ಸೂಡಿ
೧೯ ಜೂನ್ ೨೦೨೫

ತಮ್ಮಾ ಸಿದ್ದು,

ಪೋಸ್ಟಿನಾವ ಬಂದು ಸೊಲ್ಲಾಪುರದ ಕಾಗದ ಅಂದ ಕೂಡ್ಲೆ ನನ್ನ ಕೈಯಾಗಿನ ರೊಟ್ಟಿ ಹರೀತು. ಯಾರೂ ಸತ್ತಿಲ್ಲ ಅಂತ ಮೊದಲ ಸಾಲಿನ್ಯಾಗ ಬರದಿ, ಚಲೋ ಮಾಡಿದಿ. ಆದ್ರ ಅದನ್ನ ಲಕೋಟಿ ಮ್ಯಾಲ ಬರೀಬೇಕಿತ್ತು.

ನಿನಗ ದಮ್ಮು ಅಂದ್ರ ನಂಬಿಕಿ ಆಗೂದಿಲ್ಲ. ನೀ ಸಣ್ಣಾವ ಇದ್ದಾಗಿಂದ ಒಂದು ಸೀನಿಗೆ ಊರೆಲ್ಲ ಕೂಡಿಸಾವ. ಜೀರಿಗಿ ಕಷಾಯ ಕುಡಿ. ಸೊಲ್ಲಾಪುರದ ಬಿಸಲ ನಿನಗ ಆಗಿಬಂದಿಲ್ಲ, ಅಷ್ಟ.

ಇನ್ನ ನನ್ನ ಮಗನ ಸುದ್ದಿ ಏನ ಕೇಳ್ತಿ. ಅಪ್ಪ ಹೆಂಗಿದ್ದನೋ ಹಾಂಗ ಅದಾನ. ಅಪ್ಪ ಹೋಗಿ ತಿಂಗಳ ತುಂಬೂದರಾಗ ಹುಟ್ಟಿದ ಕೂಸು. ಮಲ್ಲೇಶಪ್ಪ ಹೊಳ್ಳಿ ಬಂದಾನ ಅಂತ ಎಲ್ಲಾರೂ ಅಂದ್ರು, ಅದ ಹೆಸರ ಇಟ್ಟಿವಿ. ಇಷ್ಟ ದಿನ ಅದು ಬರೇ ಮಾತಾಗಿತ್ತು. ಈಗ ಎರಡು ವರ್ಷ ಆತು, ಖರೇನ ಅಪ್ಪ ಬಂದಾನ ನೋಡು. ಗಿರಣಿ ಬಂದ್ ಮಾಡಿ ಬಂದು ಕಟ್ಟಿ ಮ್ಯಾಲ ಕುಂದ್ರತಾನ. ಎರಡೂ ಕೈ ಮೊಣಕಾಲ ಮ್ಯಾಲ ಊರಿ, ಮುಂದ ಬಾಗಿ, ತುಟಿ ದುಂಡಗ ಮಾಡಿ ಉಸಿರ ಬಿಡತಾನ. ನೀ ನೋಡಿದ್ರ ಅಪ್ಪಾ ಅಂತ ಕಾಲಿಗೆ ಬೀಳತಿ. ಎದಿಯಾಗ ಸಣ್ಣ ಸೀಟಿ ಸೈತ ಅದ. ನಾ ಅಡಿಗಿ ಮನ್ಯಾಗ ಕುಂತು ಅದನ್ನ ಕೇಳಿದ್ರ ತವರಮನಿಗೆ ಹೋದಾಂಗ ಆಕ್ಕೈತಿ.

ನಾ ಅವನ್ನ ಹೆಸರ ಹಿಡಿದು ಕರಿಯೂದ ಬಿಟ್ಟೀನಿ. ಅಪ್ಪಾ ಬರ್ರಿ, ಅಪ್ಪಾ ಊಟಾ ಮಾಡ್ರಿ ಅಂತೀನಿ. ಓಣ್ಯಾಗಿನವರು ನಗತಾರ, ನಗಲಿ. ಹಿರೇರ ಅಮಾಸಿಗೆ ಅಪ್ಪನ ಹೆಸರಲೆ ಹಿಡಿಯೂ ಎಡಿಯೊಳಗ ಬೀಡಿ ಕಟ್ಟು ಇಡತಿದ್ದೆನಲ್ಲ, ಈಗ ಗ್ವಾಡಿ ಮ್ಯಾಲಿನ ಪಟದ ಮುಂದ ಯಾಕ ಇಡಬೇಕು? ಹೋದ ವರ್ಷದಿಂದ ಅವನ ಕೈಯಾಗ ಕೊಡತೀನಿ. ಅಮಾಸಿಗೆ ಅಷ್ಟ ಅಲ್ಲ, ದಿನಾ. ಅಪ್ಪ ಹಿಡಿದಾಂಗ ಹಿಡೀತಾನ.

ನಮ್ಮ ಯಜಮಾನರು ಆರಾಮ ಅದಾರ. ಸೊಸಿ ನೇತ್ರಾ ಮಾತ್ರ ಇತ್ತಿತ್ಲಾಗ ಮಾರಿ ಗಂಟ ಹಾಕ್ಕೊಂಡ ಅಡ್ಡಾಡತಾಳ. ಅಕಿ ತವರಿನವರು ಲಕ್ಕಲಕಟ್ಟಿಯವರು, ನಮ್ಮ ಕಳ್ಳುಬಳ್ಳಿ ಅಲ್ಲ, ಹೊರಗಿನವರು. ನಮ್ಮ ಮನಿ ಸುಖ ಅಕಿಗೆ ಹೆಂಗ ತಿಳೀಬೇಕು.

ಅಕ್ಕ
ತಿಪ್ಪವ್ವ


ಸೊಲ್ಲಾಪುರ
೨ ಜುಲೈ ೨೦೨೫

ಅಕ್ಕಾ,

ನಿನ್ನ ಪತ್ರ ಓದಿ ಹೆದರಿದೆ. ಮೊಣಕಾಲಿಗೆ ಕೈಯೂರಿ, ಬಾಗಿ, ತುಟಿ ದುಂಡಗೆ ಮಾಡಿ ಕೂರುವುದು ಅಪ್ಪನ ಗುಣವಲ್ಲ. ಉಸಿರು ಸಾಲದವರು ಹಾಗೆ ಕೂರುತ್ತಾರೆ. ನಮ್ಮ ದವಾಖಾನೆಯ ಬಾಕಿನ ಮೇಲೆ ಸಾಲಾಗಿ ಹಾಗೆ ಕೂತವರನ್ನು ನೋಡಿದ್ದೇನೆ. ಅವರಲ್ಲಿ ಮರಾಠಿಯವರೂ ತೆಲುಗಿನವರೂ ಇದ್ದರು. ಅವರೆಲ್ಲ ನಮ್ಮ ಅಪ್ಪನಲ್ಲ.

ಡಾಕ್ಟರು ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಬೆಳೆಯ ಸಾಲಿನಲ್ಲಿ ಎತ್ತು ಹೂಡಿದಾಗ ಪೈರು ಮೇಯಬಾರದೆಂದು ಅದರ ಬಾಯಿಗೆ ಕುಕ್ಕೆ ಕಟ್ಟುತ್ತೇವಲ್ಲ. ಪುಪ್ಪುಸದೊಳಗೆ ಹೊಲಸು ತೆಗೆಯಲು ಮೈ ತಾನೇ ಎತ್ತು ಬಿಡುತ್ತದೆ, ಅವುಗಳ ಬಾಯಿಗೆ ಕಟ್ಟುವ ಕುಕ್ಕೆಯನ್ನು ಯಕೃತ್ತು ಹೆಣೆದು ಕಳಿಸುತ್ತದೆ. ನಮ್ಮ ಮನೆಯವರಿಗೆ ಆ ಕುಕ್ಕೆ ಸೊಟ್ಟಗೆ ಹೆಣೆದುಕೊಂಡು ಯಕೃತ್ತಿನಲ್ಲೇ ಉಳಿಯುತ್ತದೆ. ಬಾಯಿ ಬಿಚ್ಚಿದ ಎತ್ತು ಹೊಲವನ್ನೇ ಮೇಯುತ್ತದೆ. ಧೂಳು ಹೋದಷ್ಟೂ, ಬೀಡಿ ಹೊಗೆ ಹೋದಷ್ಟೂ ಮೈ ಹೆಚ್ಚು ಹೆಚ್ಚು ಎತ್ತು ಬಿಡುತ್ತದೆ.

ತಂದೆಯಿಂದಲೂ ತಾಯಿಯಿಂದಲೂ ಎರಡೂ ಕಡೆಯಿಂದ ಬಂದರೆ ಮಾತ್ರ ಹೀಗಾಗುತ್ತದೆ. ಒಂದೇ ಕಡೆಯಿಂದ ಬಂದವರು ಸುಮ್ಮನೆ ಹೊತ್ತುಕೊಂಡು ಓಡಾಡುತ್ತಾರೆ, ಅವರಿಗೆ ಗೊತ್ತೂ ಆಗುವುದಿಲ್ಲ. ಅಪ್ಪ ತನ್ನ ಅಕ್ಕನ ಮಗಳನ್ನೇ ಮಾಡಿಕೊಂಡ. ನಿನ್ನನ್ನು ಅವ್ವನ ತಮ್ಮನಿಗೇ ಕೊಟ್ಟರು. ಬಳ್ಳಿ ಬಿಟ್ಟು ಹೋಗಬಾರದೆಂದು ಮಾಡಿದ್ದು. ಬಳ್ಳಿಯಲ್ಲಿದ್ದದ್ದೂ ಬಿಟ್ಟು ಹೋಗಲಿಲ್ಲ.

ಮಲ್ಲೇಶನಿಗೆ ಬೀಡಿ ಕೊಡಬೇಡ. ಗಿರಣಿ ಬಿಡಿಸು. ಗದಗಿಗೆ ಕರೆದೊಯ್ದು ರಕ್ತ ಕೊಡಿಸು, ರೋಗದ ಇಂಗ್ಲಿಷ್ ಹೆಸರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಅವನಿಗಿನ್ನೂ ಮೂವತ್ತು.

ಸಿದ್ದು


ಸೂಡಿ
೩೦ ಜುಲೈ ೨೦೨೫

ಸಿದ್ದಾರೂಢ ಮಾಸ್ತರಿಗೆ,

ನಿನ್ನೆ ನಾಗರ ಪಂಚಮಿ. ತವರಮನಿ ಉಂಡಿ ಬರತಾವಂತ ಹೆಣ್ಣಮಕ್ಕಳು ಬಾಗಲಾ ಕಾಯೂ ಹಬ್ಬ. ನನ್ನ ತವರಿನಿಂದ ಬಂದದ್ದು ಎತ್ತು ಮತ್ತು ಕುಕ್ಕಿ.

ಓದಿದ ಕಾಗದಾನ ನಾಕ ಸಲ ಓದಿದೆ. ಬರೂಬರೂತ ನನಗ ತಿಳೀತು. ನಿನಗ ಹೊಟ್ಟಿಕಿಚ್ಚು. ಅಪ್ಪ ಹೊಳ್ಳಿ ಬಂದ್ರ ಗಂಡಮಗನ ಮನಿಗೆ ಬರಬೇಕು, ನನ್ನ ಮನಿಗೆ ಬಂದಾನ. ಅಪ್ಪ ನಿನ್ನ ಸಾಲಿಗೆ ಹಾಕಿದ, ನನ್ನ ಹದಿನೇಳಕ್ಕ ಲಗ್ನ ಮಾಡಿ ಕಳಿಸಿದ. ಅವನ ಜೋಡಿ ಇರೂದು ನಿನ್ನ ಪಾಲಿಗೆ ಬಂತು. ಕಡೀಕ ಬಸರಾಗಿ ತವರಿಗೆ ಬಂದಾಗಷ್ಟ ಅಪ್ಪ ನನಗ ಸಿಕ್ಕ. ದಿನಾ ಕಟ್ಟಿ ಮ್ಯಾಲ ಕುಂದ್ರತಿದ್ದ, ನಾ ಬಾಜೂಕ ಕುಂದ್ರತಿದ್ದೆ. ಮಾತಾಡತಿರಲಿಲ್ಲ. ಆ ಸೀಟೀನ ನನಗ ಮಾತು. ಈಗ ಅದನ್ನೂ ರೋಗ ಅಂತಿ.

ರಕ್ತಾ ಕೊಟ್ಟು ಏನ ಮಾಡೂದು? ಗುಣ ಆಗೂ ರೋಗ ಇದ್ರ ತಿಳಕೋಬೇಕು. ಇಲ್ಲಂದ್ರ ತಿಳದವರ ಮನ್ಯಾಗ ನಿದ್ದಿ ಹೋತು, ಅಷ್ಟ. ಗಿರಣಿ ಬಿಟ್ರ ಅವ ಮನ್ಯಾಗ ಏನ ಮಾಡ್ಯಾನು? ಅಪ್ಪನ ಓಡಸಾಕ ನನ್ನ ಕೈಲೆ ಆಗೂದಿಲ್ಲ.

ಉಂಡಿ ಮಾಡೀನಿ, ಕಳಸೂದಿಲ್ಲ.

ತಿಪ್ಪವ್ವ


ಸೊಲ್ಲಾಪುರ
೧೧ ಆಗಸ್ಟ್ ೨೦೨೫

ಅಕ್ಕಾ,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ಬಲಗೈ ಬೆರಳಿಗೆ ಬಾಗಿಲು ಬಡಿದಿದೆ, ನಾನು ಹೇಳುತ್ತಿದ್ದೇನೆ, ಮಗಳು ಶಾಂಭವಿ ಬರೆಯುತ್ತಿದ್ದಾಳೆ.

ಗುಣವಾಗುತ್ತದೆಯೇ ಎಂದು ಕೇಳಿದ್ದಿ. ಆಗುತ್ತದೆ. ನನ್ನನ್ನೇ ನೋಡು. ಈಗ ಮೆಟ್ಟಿಲು ಹತ್ತಿ ಹೋಗಿ ಪಾಠ ಮಾಡುತ್ತೇನೆ, ಸಂಜೆ ಕೆರೆಯ ತನಕ ಅಡ್ಡಾಡಿ ಬರುತ್ತೇನೆ. ಬೇಗ ತಿಳಿದವರಿಗೆ ಔಷಧ ಹತ್ತುತ್ತದೆ.

ಹೊಟ್ಟೆಕಿಚ್ಚಿನ ಮಾತು ಅರ್ಧ ಖರೆ. ಅಪ್ಪ ಬಂದರೆ ನನ್ನ ಮನೆಗೂ ಬರಲಿ ಎಂದು ನನಗೇಕೆ ಅನಿಸಬಾರದು. ಆದರೆ ನಿನಗೆ ಒಂದು ಕೇಳುತ್ತೇನೆ, ಸಿಟ್ಟು ಬಿಟ್ಟು ನೆನಪು ಮಾಡಿಕೋ. ನೀನು ಬಸುರಿಯಾಗಿ ಬರುವ ಮೊದಲು ಅಪ್ಪ ಹೇಗೆ ಕೂರುತ್ತಿದ್ದ? ಕೂರುತ್ತಲೇ ಇರಲಿಲ್ಲವಲ್ಲ ಅಕ್ಕಾ. ನೀನು ನೆನೆಯುವ ಅಪ್ಪ ಯಾವಾಗಿನ ಅಪ್ಪ?

ಸಿದ್ದು

ಅತ್ತೀ, ಇದು ನಾನು ಶಾಂಭವಿ, ಅಪ್ಪನಿಗೆ ತೋರಿಸದೆ ಬರೆಯುತ್ತಿದ್ದೇನೆ. ಇಷ್ಟು ಹೇಳಿ ಬರೆಸಲು ಅಪ್ಪನಿಗೆ ಮಧ್ಯಾಹ್ನ ಪೂರ್ತಿ ಬೇಕಾಯಿತು. ನೀವು ಲಗೂ ಉತ್ತರ ಬರೆಯಿರಿ.


ಸೊಲ್ಲಾಪುರ
೮ ಸೆಪ್ಟೆಂಬರ್ ೨೦೨೫

ಅಕ್ಕಾ,

ನಿನ್ನ ಉತ್ತರವಿಲ್ಲ. ಬೈದಾದರೂ ಬರೆ.

ಸಿದ್ದು


ಸೂಡಿ
೨೪ ಸೆಪ್ಟೆಂಬರ್ ೨೦೨೫

ಸಿದ್ದು,

ಬರಿಯಾಕ ಕುಂತು ಎದ್ದು, ಕುಂತು ಎದ್ದು ಇಷ್ಟ ದಿನ ಆತು. ಶಾಂಭವಿ ಬರದಿದ್ಲು, ನೀ ಮಧ್ಯಾಹ್ನ ಪೂರ್ತಿ ಹೇಳಿ ಬರಸಿದಿ ಅಂತ. ಮಗಳಿಗೂ ಶುದ್ಧಬರಹ ತಿದ್ದಿಸೂದು ಬಿಡವಲ್ಲಿ ನೀನು, ಪಾಪ ಕೂಸು ಬ್ಯಾಸತ್ತಿತ್ತು ಅಂತ ಕಾಣಸ್ತೈತಿ.

ನೀ ಕೇಳಿದ್ದು ತಲ್ಯಾಗಿಂದ ಹೋಗಲಿಲ್ಲ. ಯಾವಾಗಿನ ಅಪ್ಪ. ರೊಟ್ಟಿ ಬಡಿಯೂ ಮುಂದ ನೆನಸಿದೆ, ಕಸಾ ಹೊಡಿಯೂ ಮುಂದ ನೆನಸಿದೆ. ಮೊದಲ ಏನೂ ಬರಲಿಲ್ಲ, ಬರೇ ಕಟ್ಟಿ, ಬರೇ ಸೀಟಿ. ಆಮ್ಯಾಲ ಒಂದಿವಸ ಹೊಲದಾಗ ಶೇಂಗಾ ಕೀಳೂ ಮುಂದ ಒತ್ತಿಕೊಂಡ ಬಂತು. ನಾ ಸಣ್ಣಾಕಿ, ಚಕ್ಕಡಿ ಹಿಂದ ಓಡಾಕತ್ತೀನಿ, ಅಪ್ಪ ಮುಂದ ಎತ್ತಿನ ಜೋಡಿ ಓಡಾಕತ್ತಾನ, ಓಡತಾ ನನ್ನ ಬೈಯಾಕತ್ತಾನ, ಬೈಯತಾ ನಗಾಕತ್ತಾನ. ಮೂರೂ ಒಂದ ಉಸಿರಿನ್ಯಾಗ. ಈ ಅಪ್ಪ ಎಲ್ಲಿ ಹೋಗಿದ್ದ ಇಷ್ಟ ವರ್ಷ? ನಾನ ಕಳದಿದ್ದೆ.

ಅಮಾಸಿ ದಿವಸ ಹಿರೇರ ಎಡಿ ಮಾಡಿದೆ. ಹೋಳಿಗಿ, ಬದನಿಕಾಯಿ ಪಲ್ಯ, ಎಲ್ಲಾ ಅಪ್ಪಗ ಸೇರೂದು. ಗ್ವಾಡಿ ಮುಂದ ಹಿಡೀಲಾರದ, ಮಗನ ಮುಂದ ತಾಟ ಇಟ್ಟು, ಊಟಾ ಮಾಡ್ರಿ ಅಪ್ಪಾ ಅಂದೆ. ಅರ್ಧ ಹೋಳಿಗಿ ತಿಂದ. ಆಮ್ಯಾಲ ತಾಟ ಸರಿಸಿ ಮೊಣಕಾಲಿಗೆ ಕೈ ಊರಿದ. ಅಗಿಯಾಕ ಉಸಿರ ಸಾಲವಲ್ದು ಸಿದ್ದು. ಅಪ್ಪ ಕಡೀ ತಿಂಗಳದಾಗ ಹಿಂಗ ತಾಟ ಸರಸತಿದ್ದ, ನಾ ಹಸಿವಿಲ್ಲೇನೋ ಅಂತ ತಿಳದಿದ್ದೆ. ಹೊಳ್ಳಿ ಬಂದಾವ ಅಪ್ಪ ಅಲ್ಲ. ಹೊಳ್ಳಿ ಬಂದದ್ದು ಅಪ್ಪನ ಸಾವು. ಅದಕ್ಕ ನಾ ಬರ್ರಿ ಅಂತ ಕುಂದ್ರಾಕ ಮಣಿ ಹಾಕಿ ಉಣ್ಣಾಕ ನೀಡಾಕತ್ತೀನಿ.

ನೇತ್ರಾ ಬಂದು ತಾಟ ಎತ್ತಿದಳು. ಎಂದೂ ನನಗ ಎದರ ಮಾತಾಡಿದಾಕಿ ಅಲ್ಲ. ಮೆತ್ತಗ ಅಂದಳು, "ಅತ್ತೀ, ನಿಮಗ ನಿಮ್ಮ ಅಪ್ಪ ಬೇಕ್ರಿ. ನನಗ ನನ್ನ ಗಂಡ ಬೇಕ್ರಿ. ಇಬ್ಬರೂ ಒಂದ ಮೈಯಾಗ ಬಾಳಾಕ ಆಗೂದಿಲ್ರಿ."

ಎಡಿಗೆ ಇಟ್ಟಿದ್ದ ಬೀಡಿ ಕಟ್ಟು ಒಲಿಗೆ ಹಾಕಿದೆ. ಅವ ನೋಡಿದ. ಸಿಟ್ಟ ಮಾಡ್ತಾನ ಅಂತ ತಿಳದಿದ್ದೆ. ನಕ್ಕ. "ನನಗ ಅದು ಎಂದೂ ರುಚಿ ಹತ್ತಿಲ್ಲವ್ವಾ. ನೀ ಕೊಡತಿದ್ದಿ, ಅಜ್ಜ ಸೇದತಿದ್ದಾ ಅಂತಿದ್ದಿ. ಒಲ್ಲೆ ಅಂದ್ರ ನಿನ್ನ ಮಾರಿ ಸಣ್ಣದಾಕ್ಕಿತ್ತು, ಅದಕ್ಕ ಸೇದತಿದ್ದೆ." ಹಿಂಗಂದು ಕೆಮ್ಮಿದ. ಸಿದ್ದು, ನಾ ಹಿತ್ತಲಕ ಹೋಗಿ ಬಾಯಾಗ ಸೆರಗ ತುರಕೊಂಡ ಅತ್ತೆ.

ಮರುದಿವಸ ಮುಂಜಾನೆ ಮೊದಲ ಬಸ್ಸಿಗೆ ಗಜೇಂದ್ರಗಡಕ್ಕ ಹೋಗಿ, ಅಲ್ಲಿಂದ ಗದಗಿಗೆ ಮೂವರೂ ಹೋಗಿ ಬಂದಿವಿ. ನೀ ಬರದ ಆ ರೋಗದ ಹೆಸರ ನೇತ್ರಾ ಒಂದ ಚೀಟಿ ಮ್ಯಾಲ ತಿದ್ದಿ ಬರಕೊಂಡಿದ್ದಳು. ರಕ್ತಾ ಕೊಟ್ಟೀವಿ. ನಂದೂ ಕೊಟ್ಟೆ. ಹೊರಗಿನ ಊರಿಗೆ ಹೋಗಿ ಬರಬೇಕಂತ, ಭಾಳ ದಿನ ಹಿಡೀತಾವಂತ.

ನೀ ಗುಣಾ ಆಗೀದಿ ಅನ್ನೂದೊಂದ ನನಗ ಧೈರ್ಯ. ನಿನ್ನಂಗ ಅವನೂ ಆಗಲಿ.

ಅಕ್ಕ


ಸೊಲ್ಲಾಪುರ
೧೦ ಅಕ್ಟೋಬರ್ ೨೦೨೫

ಅಕ್ಕಾ,

ಪತ್ರ ಶಾಂಭವಿಯಿಂದ ಓದಿಸಿ ಕೇಳಿದೆ. ಮತ್ತೆ ಓದಿಸಿದೆ. ಚಕ್ಕಡಿಯ ಹಿಂದೆ ನಾನೂ ಇದ್ದೆ, ನೀನು ಮರೆತಿದ್ದಿ. ನಾನು ನಿನ್ನ ಲಂಗ ಹಿಡಿದು ಓಡುತ್ತಿದ್ದೆ.

ಗಿರಣಿ ಬಿಡಿಸುವ ಮಾತು ನೀನು ಬರೆಯಲಿಲ್ಲ. ರಕ್ತದ ವರದಿ ಬರಲಿ ಎಂದು ಕಾಯಬೇಡ. ವರದಿ ಏನೇ ಬರಲಿ, ಹಾಳಾದ ಪುಪ್ಪುಸಕ್ಕೆ ಹಿಟ್ಟಿನ ಧೂಳು ಔಷಧವಲ್ಲ.

ನಾನು ಚಲೋ ಇದ್ದೇನೆ. ಬೆರಳು ಇನ್ನೂ ನೋಯುತ್ತದೆ, ಅದಕ್ಕೇ ಇದನ್ನೂ ಶಾಂಭವಿಯೇ ಬರೆದಳು.

ಸಿದ್ದು


ಸೂಡಿ
೧೮ ನವೆಂಬರ್ ೨೦೨೫

ಸಿದ್ದು,

ವರದಿ ಬಂತು. ಮಲ್ಲೇಶಗ ಎರಡೂ ಕಡಿಯಿಂದ ಬಂದೈತಿ. ನನ್ನೊಳಗ ಒಂದ ಕಡೀದು ಐತಂತ. ಅಪ್ಪ ನನ್ನ ಮನಿಗೆ ಬಂದಾನ ಅಂತ ನಾ ಅಂತಿದ್ದದ್ದು ಸುಳ್ಳೇನ ಆಗಲಿಲ್ಲ ನೋಡು, ನನ್ನೊಳಗೂ ಅದಾನ. ನಗಬೇಕೋ ಅಳಬೇಕೋ ತಿಳೀಲಿಲ್ಲ. ನೇತ್ರಾ ಮೊದಲ ಕೇಳಿದ್ದು ಮುಂದ ಹುಟ್ಟೂ ಮಕ್ಕಳ ಸುದ್ದಿ. "ನೀವು ಹೊರಗಿನ ಮನೆತನದವರು, ಹೆದರಿಕಿ ಭಾಳ ಇಲ್ಲ, ಆದರೂ ನಿಮ್ಮ ರಕ್ತಾನೂ ಒಮ್ಮೆ ನೋಡೂಣು" ಅಂತ ಡಾಕ್ಟರು ಅಂದರು. ನಮ್ಮ ಬಳ್ಳಿ ಅಲ್ಲ ಅಂತ ನಾ ಅಕಿನ್ನ ಆಡಿಕೋತಿದ್ದೆ. ಆ ದಿವಸ ಅಕಿ ಕೈ ಹಿಡಕೊಂಡ ಕುಂತಿದ್ದೆ.

ಗಿರಣಿ ದೀಪಾವಳಿ ಮುಂಚೇನ ಆಚಿ ಓಣಿ ಖಾದರನ ಕೈಯಾಗ ಕೊಟ್ಟಿವಿ, ಯಂತ್ರ ತನ್ನ ಮನಿಗೆ ಒಯ್ದಾನ. ಅವನೂ ಬಾಯಿಗೆ ಬಟ್ಟಿ ಕಟಗೊಂಡ ಬೀಸತಾನ, ಮಲ್ಲೇಶನ ಕೇಳಿ ಹೆದರ್ಯಾನ. ಮಲ್ಲೇಶ ಈಗ ಗಜೇಂದ್ರಗಡದಾಗ ಬಟ್ಟಿ ಅಂಗಡಿಯೊಳಗ ಕುಂದ್ರತಾನ. ಹೋದದ್ದು ಹೊಳ್ಳಿ ಬರೂದಿಲ್ಲ, ಇದ್ದದ್ದನ್ನ ಉಳಿಸಿಕೋಬೇಕು ಅಂತ ಡಾಕ್ಟರು ಹೇಳ್ಯಾರ. ಧೂಳು ಹೊಗಿ ಬಿಟ್ಟ ಮ್ಯಾಲ ಕೆಮ್ಮು ಭಾಳ ಇಳದೈತಿ. ಕಟ್ಟಿ ಮ್ಯಾಲ ಕುಂತ್ರೂ ಬೆನ್ನ ಗ್ವಾಡಿಗೆ ಹಚ್ಚಿ ಕುಂದ್ರತಾನ. ಸೀಟಿ ಕೇಳಸೂದಿಲ್ಲ.

ಯಾರಿಗೂ ಹೇಳಿಲ್ಲ, ನಿನಗ ಹೇಳ್ತೀನಿ. ಅಡಿಗಿ ಮನ್ಯಾಗ ಕುಂತು ಕಿವಿಗೊಟ್ಟು ಕೇಳ್ತೀನಿ. ಏನೂ ಇಲ್ಲ. ಮಗ ಉಳದಾ ಅಂತ ಜೀವ ತಂಪಾಕ್ಕೈತಿ, ಅದ ಗಳಿಗ್ಯಾಗ ಅಪ್ಪ ಮತ್ತೊಮ್ಮೆ ಸತ್ತಾಂಗ ಆಕ್ಕೈತಿ. ಮೊದಲನೇ ಸಲ ದೇವರು ಒಯ್ದ. ಈ ಸಲ ನಾನ ಬಾಗಲಾ ತಗದು ಕಳಿಸೀನಿ.

ವರದಿ ಸುದ್ದಿ ಹೇಳಾಕ ನಿನ್ನೆ ಮುಂಜಾನೆ ಫೋನ್ ಹಚ್ಚಿದೆ. ಶಾಂಭವಿ ಎತ್ತತಾಳ ಅಂತ ತಿಳದಿದ್ದೆ, ನೀ ಎತ್ತಿದಿ. ಗಿರಣಿ ಸಪ್ಪಳ ಇಲ್ಲ ಈಗ, ಮನಿ ಶಾಂತ ಐತಿ. ನೀ ಏನೂ ಮಾತಾಡಲಿಲ್ಲ. ಉಸಿರ ಅಷ್ಟ ಬಂತು. ಸೀಟಿ. ಅದ ಸೀಟಿ. ಖರೇ ಹೇಳ್ತೀನಿ ಸಿದ್ದು, ಒಂದ ಗಳಿಗಿ ನನಗ ಖುಷಿ ಆತು. ಇಲ್ಲಿಂದ ಎದ್ದು ಅಲ್ಲಿಗೆ ಹೋಗ್ಯಾನ ಅಪ್ಪ ಅಂತ. ಅಪ್ಪಾ ಅಂತ ಬಾಯಿತನಕ ಬಂತು. ಆ ಖುಷಿ ನೋಡಿ ನನಗ ನನ್ನ ಮ್ಯಾಲ ಹೆದರಿಕಿ ಬಂತು. ಅಷ್ಟರಾಗ ನೀ "ಅಕ್ಕಾ" ಅಂದಿ. ಆ ಒಂದ ಮಾತು ಆಡಾಕ ಎರಡ ಸಲ ನಿಂತಿ. ಫೋನ್ ಇಟ್ಟಿ.

ನಿನಗ ಗುಣಾ ಆಗಿಲ್ಲ. ಇದಕ್ಕ ಗುಣಾ ಆಗೂ ಔಷಧ ಇಲ್ಲ ಅಂತ ಗದಗಿನ ಡಾಕ್ಟರು ಹೇಳಿದಾಗನ ನನಗ ತಿಳೀಬೇಕಿತ್ತು. ಬೆರಳಿಗೆ ಬಾಗಲಾ ಬಡದಿಲ್ಲ. ಕೆರಿತನಕ ಅಡ್ಡಾಡಿಲ್ಲ. ಗುಣಾ ಆಗದ ರೋಗ ತಿಳದು ಏನ ಮಾಡೂದು ಅಂತ ನಾ ಕೇಳಿದ್ನಲ್ಲ, ಅದಕ್ಕ ನೀ ಗುಣಾ ಆಗಿ ತೋರಿಸಿದಿ. ಸುಳ್ಳ ಹೇಳಿ ನನ್ನ ಮಗನ್ನ ಎಳಕೊಂಡ ಹೊರಗ ತಂದಿ. ನಾ ಆವಾಗ ಒಲೀ ಮುಂದ ಕುಂತು ಕೇಳಬಾರದ್ದನ್ನ ಕೇಳಕೋತ ಖುಷಿಯಾಗಿದ್ದೆ, ನೀ ಅಲ್ಲಿ ಒಬ್ಬನ ಉಸರಿಗೆ ಬಡದಾಡತಿದ್ದಿ.

ಈ ಕಾಗದ ಡಬ್ಬಿಗೆ ಹಾಕೂದಿಲ್ಲ. ನಾಳೆ ಮುಂಜಾನೆ ಬಸ್ಸಿಗೆ ಹೊಂಟೀನಿ, ಕೈಯಾಗ ಹಿಡಕೊಂಡ ಬರತೀನಿ. ಕೊಟ್ಟ ಮ್ಯಾಲ ನೀ ಸುಮ್ಮನ ಓದು, ಮಾತಾಡಬ್ಯಾಡ, ನನಗ ಉತ್ತರ ಬ್ಯಾಡ. ನಿನ್ನ ಬಾಜೂಕ ಕುಂದ್ರತೀನಿ. ಸೀಟಿ ಬಂದ್ರ ಬರಲಿ. ನಾ ಅದರಾಗ ಅಪ್ಪನ್ನ ಹುಡಕೂದಿಲ್ಲ. ಅದು ನಿನ್ನ ಉಸಿರು, ನಿಂದಂತನ ಕೇಳತೀನಿ.

ನಿನ್ನ ಅಕ್ಕ
ತಿಪ್ಪವ್ವ